ಬಿಗಿ ಮಾಡಿದ ಮರುದಿನ ಕಂಪ್ಯೂಟರ್ ಮುನಿಸಿಕೊಂಡರೆ

ಎಳ್ಳಮಾಸಿ ಮುಗಿದ ಮೊದಲ ಭಾನುವಾರ. ಆಳಂದದ ಕಡೆಯ ಸಂಬಂಧಿಕರೊಬ್ಬರು ಫೋನ್ ಮಾಡಿದ್ದರು. ಅವರ ಕಂಪ್ಯೂಟರ್‌ನಲ್ಲಿದ್ದ ಮದುವೆ ಫೋಟೋ, ಹೊಲದ ಕಾಗದಪತ್ರದ ಸ್ಕ್ಯಾನ್, ಎಲ್ಲದರ ಹೆಸರೂ ರಾತ್ರೋರಾತ್ರಿ ಬದಲಾಗಿತ್ತು. ಯಾವುದೂ ತೆರೆಯುತ್ತಿರಲಿಲ್ಲ. ಬಿಡಿಸಿಕೊಡಬೇಕಂದ್ರೆ ದುಡ್ಡು ಕೊಡಿ ಅನ್ನುವ ಒಂದು ಚೀಟಿ ಮಾತ್ರ ಪರದೆ ಮೇಲಿತ್ತು. ರ‍್ಯಾನ್ಸಮ್‌ವೇರ್.

ಕೇಳಿ ನನ್ನ ಎದೆ ಧಸಕ್ಕೆಂದಿತು. ಕಲಬುರಗಿಯ ನಮ್ಮ ಮನೆ ಕಂಪ್ಯೂಟರ್‌ನಲ್ಲಿ ಮಗಳ ಕಾಲೇಜಿನ ಕೆಲಸ ಇದೆ, ನಮ್ಮ ಫೋಟೋಗಳಿವೆ. ಎಲ್ಲಕ್ಕಿಂತ ಜಾಸ್ತಿ, ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟಿರುವ ಕಾಕಾರ ಐದು ವರ್ಷದ ಕಿರ್ದಿ, ಖಾತೆ ಅದರಲ್ಲೇ ಇದೆ. ಊಟ ಮುಗಿಸಿ ಕೂತವನು ರಾತ್ರಿ ಹನ್ನೊಂದರ ತನಕ ಏಳಲಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್ ಅಂತ ಕಂಡಿದ್ದನ್ನೆಲ್ಲ ಆನ್ ಮಾಡಿದೆ. ನನ್ನ ಅಕೌಂಟ್‌ಗಿದ್ದ ಅಡ್ಮಿನಿಸ್ಟ್ರೇಟರ್ ಅಧಿಕಾರ ತೆಗೆದೆ. ಮಗಳಿಗೆ ಬೇರೆ ಅಕೌಂಟ್ ಮಾಡಿದೆ. ವೈಫೈಯನ್ನು ಪಬ್ಲಿಕ್ ಅನ್ನುವ ಬಿಗಿ ಸೆಟ್ಟಿಂಗ್‌ಗೆ ಹಾಕಿದೆ. ಅಷ್ಟಕ್ಕೇ ಬಿಡದೆ ಮಗಳ ಲ್ಯಾಪ್‌ಟಾಪ್ ಎಳೆದುಕೊಂಡು ಅದರ ಬಯಾಸ್‌ಗೂ (ವಿಂಡೋಸ್‌ಗಿಂತ ಮೊದಲು ಓಡುವ, ಮಷಿನ್‌ನ ಮೂಲ ಸೆಟ್ಟಿಂಗ್) ಕೈ ಹಾಕಿದೆ. ಏನೇನು ಮಾಡಿದೆ ಅಂತ ಎಲ್ಲೂ ಬರೆದಿಡಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಕಾ ಪಟ್ಟಿಗಳ ಕಟ್ಟು ಹಿಡಿದು ಬಂದರು. ತೊಗರಿ ಸೀಸನ್ನು, ರೈತರ ಲೆಕ್ಕ ಅವತ್ತೇ ಆಗಬೇಕು. ಮೊದಲ ಪಟ್ಟಿ ಹೊಡೆದೆ, ಸೇವ್ ಆಗಲಿಲ್ಲ. ಪ್ರಿಂಟ್ ಕೊಟ್ಟೆ, ಪ್ರಿಂಟರೇ ಇಲ್ಲ. ಒಂದು ಕಿಟಕಿಯಲ್ಲಿ ಕನ್ನಡ ಬರುತ್ತೆ, ಇನ್ನೊಂದರಲ್ಲಿ ಬರಲ್ಲ.

"ನಿನ್ನೆ ಏನ್ ಮಾಡಿದಿ ತಮ್ಮಾ? ಮೊನ್ನೆ ತನಕ ಛಂದ ನಡೀಲಕತ್ತಿತ್ತು. ಅದೆಲ್ಲಾ ಬಂದ್ ಮಾಡಿ ಒಗಿ" ಅಂದರು ಕಾಕಾ.

ಬಹಳ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತೆ. ಎಲ್ಲ ಆಫ್ ಮಾಡಿ, ಇನ್ನು ಈ ಸಹವಾಸವೇ ಬೇಡ ಅಂತ ಕೈಮುಗಿಯುತ್ತಾರೆ. ನನಗೂ ಹಾಗೇ ಅನಿಸಿತ್ತು. ಆದರೆ ಯಾವ ಗುಂಡಿಯಿಂದ ಯಾವ ಕೆಲಸ ನಿಂತಿದೆ ಅನ್ನುವುದನ್ನು ಕಂಪ್ಯೂಟರ್ ತಾನೇ ಬರೆದಿಟ್ಟಿರುತ್ತೆ. ಅದನ್ನು ಓದಿದರೆ ಒಂದೇ ಒಂದು ಗುಂಡಿಯನ್ನು, ಅದೂ ಅರ್ಧ ಸುತ್ತು ಸಡಿಲ ಮಾಡಿದರೆ ಸಾಕಾಗುತ್ತೆ. ಅವತ್ತು ಮಧ್ಯಾಹ್ನದ ತನಕ ನಾನು ಹುಡುಕಿದ್ದನ್ನು, ಆಮೇಲೆ ಬೇರೆಯವರ ಮನೆಯಲ್ಲಿ ಕಂಡಿದ್ದನ್ನು ಇಲ್ಲಿ ಬರೆದಿದ್ದೇನೆ. ಹೆಸರುಗಳೆಲ್ಲ ವಿಂಡೋಸ್ 11ರದ್ದು. 10ರಲ್ಲಿ ಒಂದೆರಡು ಮೆನು ಆಚೀಚೆ ಇರುತ್ತವೆ, ಅಷ್ಟೇ.

ಮೊದಲು ಗಡಿಯಾರ ನೋಡಿ, ಆಮೇಲೆ ದಾಖಲೆ ನೋಡಿ

ಒಂದು ಕಾಗದ ತಗೊಳ್ಳಿ. ಕೆಡುವ ಕೆಲಸವನ್ನು ಇನ್ನೊಮ್ಮೆ ಬೇಕಂತಲೇ ಮಾಡಿ. ಕೆಟ್ಟ ಕೂಡಲೇ ಟೈಮ್ ಬರೆದುಕೊಳ್ಳಿ. ನಾನು ಬರೆದಿದ್ದು 9:52. ಈಗ ಆ ನಿಮಿಷಕ್ಕೆ ಏನು ದಾಖಲಾಗಿದೆ ಅಂತ ಎರಡು ಕಡೆ ನೋಡಬೇಕು.

ಒಂದು, ವಿಂಡೋಸ್ ಸೆಕ್ಯುರಿಟಿ ತೆರೆದು ಪ್ರೊಟೆಕ್ಷನ್ ಹಿಸ್ಟರಿ. ಇದು ಸುಲಭದ್ದು. ಇನ್ನೊಂದು, ಈವೆಂಟ್ ವ್ಯೂವರ್. ಸ್ಟಾರ್ಟ್ ಒತ್ತಿ ಹೆಸರು ಹೊಡೆದರೆ ಬರುತ್ತೆ. ಅದರ ಎಡಗಡೆ ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಅದರೊಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ವಿಂಡೋಸ್ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್), ಕೊನೆಗೆ ಆಪರೇಷನಲ್. ಇಷ್ಟು ಆಳಕ್ಕೆ ಯಾಕೆ ಹೂತಿಟ್ಟರೋ ಗೊತ್ತಿಲ್ಲ. ಮೈಕ್ರೋಸಾಫ್ಟ್ ಅನ್ನುವ ಫೋಲ್ಡರ್‌ನಲ್ಲಿ ಇನ್ನೊಂದು ವಿಂಡೋಸ್, ಅದರಲ್ಲಿ ನೂರಾರು ಹೆಸರು. ತಾಳ್ಮೆಯಿಂದ ಕೆಳಗೆ ಇಳಿಯಿರಿ.

ಅಲ್ಲಿ ಮೂರು ನಂಬರ್ ನೆನಪಿಟ್ಟುಕೊಂಡರೆ ಸಾಕು. 1123 ಅಂದರೆ ಕಾಪಾಡಿದ ಫೋಲ್ಡರ್‌ಗೆ ಬರೆಯಲು ಬಂದ ಯಾವುದೋ ಪ್ರೋಗ್ರಾಮನ್ನು ಡಿಫೆಂಡರ್ ತಡೆದಿದೆ. 5001 ಅಂದರೆ ರಿಯಲ್ ಟೈಮ್ ಕಾವಲು ಆಫ್ ಆಗಿದೆ. 5007 ಅಂದರೆ ಡಿಫೆಂಡರ್‌ನ ಯಾವುದೋ ಸೆಟ್ಟಿಂಗ್ ಬದಲಾಗಿದೆ. ಈ 5007 ಇದೆಯಲ್ಲ, ನನ್ನಂತೆ ಏನೂ ಬರೆದಿಡದೆ ಗುಂಡಿ ಒತ್ತಿದವರ ಪಾಲಿಗೆ ಇದೇ ಕಿರ್ದಿ ಪುಸ್ತಕ. ಸೆಟ್ಟಿಂಗ್ ಮೊದಲು ಏನಿತ್ತು, ಆಮೇಲೆ ಏನಾಯಿತು, ಎಷ್ಟು ಗಂಟೆಗೆ, ಎಲ್ಲ ಇರುತ್ತೆ. ಭಾನುವಾರ ರಾತ್ರಿಯ ನನ್ನ ಹುಚ್ಚಾಟ ಸಾಲು ಸಾಲಾಗಿ ಅಲ್ಲಿತ್ತು.

ಆದರೆ ಇದು ಡಿಫೆಂಡರ್‌ನ ಲೆಕ್ಕ ಮಾತ್ರ. ವೈಫೈ ಬದಲಾಯಿಸಿದ್ದು, ಅಕೌಂಟ್ ಬದಲಾಯಿಸಿದ್ದು ಇಲ್ಲಿ ಸಿಗಲ್ಲ. ಆ ನಿಮಿಷಕ್ಕೆ ಎರಡೂ ಕಡೆ ಏನೂ ಇಲ್ಲ ಅಂದರೆ ದೋಷ ನೆಟ್‌ವರ್ಕ್‌ನಲ್ಲೋ ಅಕೌಂಟ್‌ನಲ್ಲೋ ಇದೆ ಅಂತ ಆ ಕಡೆ ತಿರುಗಿ.

ಫೈಲ್ ತೆರೆಯುತ್ತೆ, ಸೇವ್ ಆಗಲ್ಲ

ನನ್ನ ಅರ್ಧ ದಿನ ತಿಂದಿದ್ದು ಇದು. ಕಾಕಾರ ಲೆಕ್ಕದ ಸಾಫ್ಟ್‌ವೇರ್ ಹಳೆ ಪಟ್ಟಿಗಳನ್ನೆಲ್ಲ ತೋರಿಸುತ್ತಿತ್ತು. ಹೊಸದನ್ನು ಉಳಿಸಲು ಹೋದರೆ "ಫೈಲ್ ಸಿಗಲಿಲ್ಲ" ಅನ್ನುತ್ತಿತ್ತು. ಫೈಲ್ ಕಣ್ಣೆದುರಿಗೇ ಇದೆ! ನಾನು ಹಾರ್ಡ್ ಡಿಸ್ಕ್ ಹೋಯಿತು ಅಂತಲೇ ತಿಳಿದೆ.

ಇದು ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್‌ನ ಗುಣ. 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಸೌಲಭ್ಯ ಇದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್ ಇಂಥ ಫೋಲ್ಡರ್‌ಗಳಿಗೆ ಕಾವಲು ಹಾಕುತ್ತೆ. ಬೇಕಿದ್ದರೆ ನಮ್ಮದೇ ಫೋಲ್ಡರನ್ನೂ ಸೇರಿಸಬಹುದು. ನಾನು ಲೆಕ್ಕದ ಫೋಲ್ಡರ್ ಸೇರಿಸಿದ್ದೆ. ಯಾರು ಬೇಕಾದರೂ ಓದಬಹುದು. ಬರೆಯುವುದು, ಅಳಿಸುವುದು ಮಾತ್ರ ಅದಕ್ಕೆ ನಂಬಿಕೆ ಇರುವ ಪ್ರೋಗ್ರಾಮ್‌ಗಳಿಗೆ. ರ‍್ಯಾನ್ಸಮ್‌ವೇರ್ ಮಾಡುವ ಕೆಲಸವೇ ಫೈಲ್ ತಿದ್ದಿ ಬರೆಯುವುದು ಅಲ್ವಾ, ಅದನ್ನು ನಿಲ್ಲಿಸಲು ಇದು ಒಳ್ಳೆ ಉಪಾಯ. ಆದರೆ ಹೆಚ್ಚು ಜನ ಬಳಸದ ಸಾಫ್ಟ್‌ವೇರ್ ಅದಕ್ಕೆ ಪರಿಚಯ ಇರಲ್ಲ. ಕಾಕಾರ ಸಾಫ್ಟ್‌ವೇರನ್ನೂ ಅದು ಕಳ್ಳನ ಸಾಲಿನಲ್ಲೇ ನಿಲ್ಲಿಸಿತು.

ತಡೆ ಬಿದ್ದಿದ್ದು ಸಾಫ್ಟ್‌ವೇರ್‌ಗೆ ಸರಿಯಾಗಿ ತಿಳಿಯುವುದಿಲ್ಲ. ಬರೆಯಲು ಆಗಲಿಲ್ಲ ಅಂತಷ್ಟೇ ಗೊತ್ತು. ಅದಕ್ಕೆ ತೋಚಿದ್ದನ್ನು ಹೇಳುತ್ತೆ. ಫೈಲ್ ಇಲ್ಲ, ಜಾಗ ಇಲ್ಲ, ಅನುಮತಿ ಇಲ್ಲ, ಹೀಗೆ. ಆ ಮಾತನ್ನು ಜಾಸ್ತಿ ನಂಬಬೇಡಿ. ಪರೀಕ್ಷೆ ಸುಲಭ. ಡಿ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿ, ಅಲ್ಲಿಗೆ ಸೇವ್ ಮಾಡಿ ನೋಡಿ. ಅಲ್ಲಿ ಆಗುತ್ತೆ, ಡಾಕ್ಯುಮೆಂಟ್ಸ್‌ನಲ್ಲಿ ಆಗಲ್ಲ ಅಂದರೆ ಅನುಮಾನ ಇದರ ಮೇಲೆ. ಲಾಗ್‌ನಲ್ಲಿ 1123 ಇದ್ದರೆ ಅನುಮಾನವೂ ಉಳಿಯಲ್ಲ. ನನ್ನ 9:52ಕ್ಕೆ ಸರಿಯಾಗಿ ಒಂದು 1123 ಕೂತಿತ್ತು. ಪಾತ್ ಅನ್ನುವ ಸಾಲಿನಲ್ಲಿ ಲೆಕ್ಕದ ಫೋಲ್ಡರ್, ಪ್ರೋಸೆಸ್ ನೇಮ್ ಅನ್ನುವ ಸಾಲಿನಲ್ಲಿ ಬರೆಯಲು ಬಂದವನ ಪೂರ್ತಿ ವಿಳಾಸ.

ಪರಿಹಾರಕ್ಕೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರ ಕೆಳಗೆ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್. ಅಲ್ಲಿ ಅಲೌ ಆ್ಯನ್ ಆ್ಯಪ್ ಅನ್ನುವುದರಲ್ಲಿ ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್ ಇದೆ. ಅದರಿಂದಲೇ ಆರಿಸಿ. ಫೋಲ್ಡರ್ ಸುತ್ತಾಡಿ ಕೈಯಿಂದ ಹುಡುಕುವುದಕ್ಕಿಂತ ಇದೇ ವಾಸಿ, ತಪ್ಪು ಫೈಲ್ ಆರಿಸುವ ಭಯ ಇಲ್ಲ.

ನಾನು ಆರಿಸಿದೆ. ಆದರೂ ಸೇವ್ ಆಗಲಿಲ್ಲ. ಇಪ್ಪತ್ತು ನಿಮಿಷ ತಲೆ ಕೆರೆದುಕೊಂಡೆ. ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆದಿರಲಿಲ್ಲ, ಅಷ್ಟೇ ಕಾರಣ. ಅನುಮತಿ ಸಿಗುವುದು ಆಮೇಲೆ ಶುರುವಾದ ಪ್ರೋಗ್ರಾಮ್‌ಗೆ, ಮೊದಲಿನಿಂದ ಓಡುತ್ತಿದ್ದದ್ದಕ್ಕಲ್ಲ. ಮುಚ್ಚಿ ತೆರೆದ ಮೇಲೆ ಪಟ್ಟಿ ಸೇವ್ ಆಯಿತು. ಸಂಜೆ ಬ್ಯಾಕಪ್ ತೆಗೆಯುವಾಗ ಮತ್ತೆ ಅದೇ ಕಾಟ. ಲಾಗ್ ನೋಡಿದರೆ ಈ ಸಲ ಪ್ರೋಸೆಸ್ ನೇಮ್ ಬೇರೆ. ಬ್ಯಾಕಪ್ ಮಾಡಲು ಆ ಸಾಫ್ಟ್‌ವೇರ್‌ಗೆ ಇನ್ನೊಬ್ಬ ಸಹಾಯಕ ಇದ್ದಾನೆ, ಅವನಿಗೂ ಚೀಟಿ ಬೇಕು.

ಇನ್ನೊಂದು. ಅನುಮತಿ ವಿಳಾಸದ ಮೇಲೆ ನಿಂತಿರುತ್ತೆ. ಹೊಸ ಆವೃತ್ತಿ ಬೇರೆ ಫೋಲ್ಡರ್‌ನಲ್ಲಿ ಕೂತರೆ ಮತ್ತೆ ಕೊಡಬೇಕು. ತಿಂಗಳುಗಟ್ಟಲೆ ಸರಿ ಇದ್ದು ಅಪ್‌ಡೇಟ್ ಆದ ದಿನವೇ ಸೇವ್ ನಿಂತರೆ ಮೊದಲು ಇದನ್ನೇ ನೋಡಿ. ತಡೆದವರ ಪಟ್ಟಿಯಲ್ಲಿ ಪವರ್‌ಶೆಲ್, ಕಮಾಂಡ್ ಪ್ರಾಂಪ್ಟ್ ಹೆಸರು ಕಂಡರೆ ಮಾತ್ರ ಸುಮ್ನೆ ಅಲೌ ಒತ್ತಬೇಡಿ. ಅವು ಯಾರು ಹೇಳಿದರೂ ಕೆಲಸ ಮಾಡುವ ಆಳುಗಳು. ಅವಕ್ಕೆ ಕೀಲಿ ಕೊಟ್ಟರೆ ಊರಿಗೆಲ್ಲ ಕೊಟ್ಟಂತೆ.

ಪ್ರಿಂಟರ್ ಕಾಣ್ತಿಲ್ಲ

ನಮ್ಮ ಪ್ರಿಂಟರ್ ಮೇಲಿನ ಮಹಡಿಯ ಕಂಪ್ಯೂಟರ್‌ಗೆ ಯುಎಸ್‌ಬಿ ವೈರ್‌ನಲ್ಲಿ ಜೋಡಿಸಿದೆ. ಕೆಳಗಿನಿಂದ ಶೇರಿಂಗ್ ಮೇಲೆ ಪ್ರಿಂಟ್ ಕೊಡುತ್ತೇವೆ. ಅದು ಮಾಯ. ಮೇಲೆ ಹೋಗಿ ಅಲ್ಲಿಂದಲೇ ಕೊಟ್ಟರೆ ಬರುತ್ತಿತ್ತು. ಹಾಗಾದರೆ ಪ್ರಿಂಟರ್ ಸರಿ ಇದೆ, ನಡುವಿನ ದಾರಿ ಮುಚ್ಚಿದೆ.

ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಅದರ ಪ್ರಾಪರ್ಟೀಸ್. ಅಲ್ಲಿ ಪಬ್ಲಿಕ್ ಇದ್ದರೆ ನಿಮ್ಮ ಕಂಪ್ಯೂಟರ್ ಬಾಗಿಲು ಹಾಕಿಕೊಂಡು ಕೂತಿದೆ ಅಂತ ಅರ್ಥ. ಬಸ್ ಸ್ಟ್ಯಾಂಡ್, ಸ್ಟೇಷನ್, ಲಾಡ್ಜ್, ಪಕ್ಕದ ಮನೆಯವರ ಹಾಟ್‌ಸ್ಪಾಟ್, ಇಲ್ಲೆಲ್ಲ ಪಬ್ಲಿಕ್ಕೇ ಸರಿ. ಮನೆ ವೈಫೈ ಪಾಸ್‌ವರ್ಡ್ ಮನೆಯವರಿಗಷ್ಟೇ ಗೊತ್ತಿದ್ದರೆ ಅಲ್ಲಿ ಪ್ರೈವೇಟ್ ಮಾಡಬಹುದು. ಎರಡೂ ಕಂಪ್ಯೂಟರ್‌ನಲ್ಲಿ ನೋಡಬೇಕು. ನಾನು ಕೆಳಗಿನದನ್ನು ಮಾತ್ರ ಬದಲಾಯಿಸಿ, ಮೇಲಿನದನ್ನು ಮರೆತು, ಮೆಟ್ಟಿಲು ನಾಲ್ಕು ಸಲ ಹತ್ತಿ ಇಳಿದೆ. ಪ್ರಿಂಟರ್‌ಗೋಸ್ಕರ ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ನಕ್ಕು ಚಹಾ ಕೊಟ್ಟು ಕಳಿಸಿ.

ಶೇರ್ ಮಾಡಿದ ಫೋಲ್ಡರ್ ತೆರೆಯದಿದ್ದರೆ ಕಾರಣ ಬೇರೆಯೂ ಇರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಪ್ರೊ ಕಂಪ್ಯೂಟರ್‌ಗಳು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರಿಂಗನ್ನು ಒಪ್ಪುವುದಿಲ್ಲ. ಇದಕ್ಕೆ ಹಳೆ ದಾರಿ ಮತ್ತೆ ತೆರೆಯುವ ಸರ್ಕಸ್ ಮಾಡಬೇಡಿ. ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಅಕೌಂಟ್ ಮಾಡಿ, ಅದರಿಂದ ಒಳಗೆ ಹೋಗಿ. ಹಳೆ ಕಾಪಿಯರ್ ಮಷಿನ್ ಎಸ್‌ಎಂಬಿ1 (ಫೈಲ್ ಶೇರ್ ಮಾಡುವ ತೀರಾ ಹಳೆ ಪದ್ಧತಿ) ಬೇಕೇ ಬೇಕು ಅಂದರೆ ಸ್ಕ್ಯಾನನ್ನು ಪೆನ್ ಡ್ರೈವ್‌ಗೆ ತಗೊಳ್ಳಿ. ಮೇ 2017ರಲ್ಲಿ ಜಗತ್ತೆಲ್ಲ ಹಬ್ಬಿದ ವನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ನುಗ್ಗಿದ್ದು ಆ ಎಸ್‌ಎಂಬಿ1 ಬಾಗಿಲಿನಿಂದಲೇ. ಮೈಕ್ರೋಸಾಫ್ಟ್ ಅದಕ್ಕೆ ತೇಪೆ ಕೊಟ್ಟಿದ್ದು ಎರಡು ತಿಂಗಳು ಮೊದಲು, ಮಾರ್ಚ್‌ನಲ್ಲಿ. ಹಾಕಿಕೊಂಡಿರಲಿಲ್ಲ ಜನ.

ಅಕೌಂಟ್ ಬದಲಾದ ಮೇಲೆ ಬಂದ ತೊಂದರೆಗಳು

ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್, ಬೀಗದ ಕೈಗೆ ಬೇರೆ ಅಡ್ಮಿನ್ ಅಕೌಂಟ್. ಇದೊಂದನ್ನು ಮಾತ್ರ ಏನೇ ಆದರೂ ಹಿಂದಕ್ಕೆ ತಿರುಗಿಸಬೇಡಿ ಅಂತ ನನ್ನ ಅಭಿಪ್ರಾಯ. ಆದರೆ ಇದರಿಂದ ಬರುವ ತೊಂದರೆಗಳು ಸೆಕ್ಯುರಿಟಿ ಅಂತ ಹೆಸರು ಹಾಕಿಕೊಂಡು ಬರುವುದಿಲ್ಲ. ವೇಷ ಮರೆಸಿಕೊಂಡು ಬರುತ್ತವೆ.

ಕನ್ನಡದ ವಿಷಯ ತಗೊಳ್ಳಿ. ನೋಟ್‌ಪ್ಯಾಡ್‌ನಲ್ಲಿ ನುಡಿ ತಂತ್ರಾಂಶದಿಂದ ಕನ್ನಡ ಬರುತ್ತಿತ್ತು. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಅದೇ ಕೀಲಿ ಒತ್ತಿದರೆ ಇಂಗ್ಲಿಷ್. ನುಡಿಯದ್ದೇನೂ ತಪ್ಪಿಲ್ಲ. ಲೆಕ್ಕದ ಸಾಫ್ಟ್‌ವೇರ್ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಅಂತ ಮೇಲಿನ ದರ್ಜೆಯಲ್ಲಿ ಓಡುತ್ತಿತ್ತು, ನುಡಿ ಸಾಮಾನ್ಯ ದರ್ಜೆಯಲ್ಲಿ. ಕೆಳಗಿನ ದರ್ಜೆಯ ಪ್ರೋಗ್ರಾಮ್ ಮೇಲಿನದರ ಕಿಟಕಿಯೊಳಗೆ ಅಕ್ಷರ ತೂರಿಸದಂತೆ ವಿಸ್ಟಾ ಕಾಲದಿಂದಲೂ ವಿಂಡೋಸ್ ತಡೆಯುತ್ತೆ. ಹಾಗೆ ಬಿಟ್ಟರೆ ಯಾವ ವೈರಸ್ ಬೇಕಾದರೂ ಅಡ್ಮಿನ್ ಕಿಟಕಿಯಲ್ಲಿ ತಾನೇ ಟೈಪ್ ಮಾಡಬಹುದಲ್ಲ. ನುಡಿಯನ್ನೂ ಅಡ್ಮಿನ್ ಆಗಿ ಓಡಿಸಿದರೆ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ. ಹೋಗುತ್ತೆ ನಿಜ. ಒಬ್ಬನ ಅಧಿಕಾರ ಇಳಿಸುವ ಬದಲು ಇಬ್ಬರನ್ನೂ ಏರಿಸಿದಂತೆ. ನಾನು ಲೆಕ್ಕದ ಸಾಫ್ಟ್‌ವೇರ್‌ನ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿದ್ದ ಅಡ್ಮಿನಿಸ್ಟ್ರೇಟರ್ ಟಿಕ್ ತೆಗೆದೆ. ಕನ್ನಡ ಬಂತು.

ಬಂತು, ಆದರೆ ಮಗಳ ಹೊಸ ಅಕೌಂಟ್‌ನಲ್ಲಿ ಹಳೆ ಪತ್ರಗಳನ್ನು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. "ಅಪ್ಪಾ, ವೈರಸ್ ಬಂದದ" ಅಂದಳು. ಅಲ್ಲ. ಹಳೆ ನುಡಿ ಪತ್ರಗಳು ಯೂನಿಕೋಡ್ ಅಲ್ಲ. ನುಡಿ 01 ಇ ಥರದ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಆ ಫಾಂಟನ್ನು ನಾನು ಪೆನ್ ಡ್ರೈವ್‌ನಿಂದ ಡಬಲ್ ಕ್ಲಿಕ್ ಮಾಡಿ ಹಾಕಿದ್ದೆ. ಈಗಿನ ವಿಂಡೋಸ್‌ನಲ್ಲಿ ಹಾಗೆ ಹಾಕಿದ ಫಾಂಟ್ ಹಾಕಿದವರ ಅಕೌಂಟ್‌ಗೆ ಮಾತ್ರ ಸೇರುತ್ತೆ. ಫಾಂಟ್ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಕೊಟ್ಟು, ಅಡ್ಮಿನ್ ಪಾಸ್‌ವರ್ಡ್ ಹೊಡೆದರೆ ಮನೆಮಂದಿಗೆಲ್ಲ ಕಾಣುತ್ತೆ.

ಮೂರನೆಯದು ಭಯ ಹುಟ್ಟಿಸುವಂಥದ್ದು. ಶಹಾಬಾದ್‌ನ ಗೆಳೆಯನ ಮನೆಯಲ್ಲಿ ಕಂಡೆ. ಹಳೆ ಕಾಲದ ಒಂದು ಬಿಲ್ಲಿಂಗ್ ಪ್ರೋಗ್ರಾಮ್. ಅಣ್ಣ ತನ್ನ ಅಕೌಂಟ್‌ನಲ್ಲಿ ಹೊಡೆದ ಬಿಲ್ ತಮ್ಮನ ಅಕೌಂಟ್‌ನಲ್ಲಿ ಇಲ್ಲ. ತಮ್ಮ ಹೊಡೆದದ್ದು ಅಣ್ಣನಿಗಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಅನುಮಾನ ಪಟ್ಟು ಮಾತು ಬಿಡುವ ಹಂತಕ್ಕೆ ಬಂದಿದ್ದರು. ಆ ಪ್ರೋಗ್ರಾಮ್ ತನ್ನ ಲೆಕ್ಕವನ್ನು ಪ್ರೋಗ್ರಾಮ್ ಫೈಲ್ಸ್ ಒಳಗೇ ಬರೆಯುತ್ತಿತ್ತು. ಸ್ಟ್ಯಾಂಡರ್ಡ್ ಅಕೌಂಟ್‌ಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಹಳೆ ಪ್ರೋಗ್ರಾಮ್ ನಿಂತುಹೋಗಬಾರದು ಅಂತ ವಿಂಡೋಸ್ ಗುಟ್ಟಾಗಿ ಆಯಾ ಬಳಕೆದಾರರ ಆ್ಯಪ್‌ಡೇಟಾದಲ್ಲಿ ಲೋಕಲ್, ಅದರೊಳಗೆ ವರ್ಚುಯಲ್‌ಸ್ಟೋರ್ ಅನ್ನುವ ಫೋಲ್ಡರ್ ಮಾಡಿ ಅಲ್ಲಿ ಬರೆಸುತ್ತೆ. ಹೀಗೆ ಒಂದೇ ಲೆಕ್ಕಕ್ಕೆ ಎರಡು ಪ್ರತಿ. ಎರಡೂ ಪ್ರತಿಯನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಡಾಟಾ ಫೋಲ್ಡರನ್ನು ಪ್ರೋಗ್ರಾಮ್ ಫೈಲ್ಸ್‌ನಿಂದ ಹೊರಗೆ, ಡಿ ಡ್ರೈವ್‌ಗೆ ಹಾಕಿ, ಪ್ರೋಗ್ರಾಮ್‌ಗೆ ಆ ದಾರಿ ತೋರಿಸಿ. ಅವರ ಬಿಲ್‌ಗಳನ್ನು ಒಂದುಗೂಡಿಸಲು ಒಂದು ಇಡೀ ರವಿವಾರ ಹೋಯಿತು. ಅಣ್ಣ ತಮ್ಮ ಒಂದಾಗಿದ್ದಕ್ಕೆ ಮಿರ್ಚಿ ಭಜಿ ಸಿಕ್ಕಿತು.

ಮೆಮೊರಿ ಇಂಟೆಗ್ರಿಟಿ ಆನ್ ಆಗಲ್ಲ

ವಿಂಡೋಸ್‌ನ ತಿರುಳಿನೊಳಗೆ ಕೆಟ್ಟ ಕೋಡ್ ನುಗ್ಗದಂತೆ ತಡೆಯುವ ಕಾವಲು ಇದು. ಡಿವೈಸ್ ಸೆಕ್ಯುರಿಟಿಯೊಳಗೆ ಕೋರ್ ಐಸೊಲೇಷನ್‌ನಲ್ಲಿದೆ. ಹೊಂದದ ಡ್ರೈವರ್ (ಪ್ರಿಂಟರ್‌ನಂಥ ಸಾಮಾನನ್ನು ನಡೆಸುವ ತಂತ್ರಾಂಶ) ಇದೆ ಅಂತ ಹೇಳಿ ನಿಂತರೆ ಅಲ್ಲೇ ಪಟ್ಟಿ ಸಿಗುತ್ತೆ. ಬಹಳ ಸಲ ಅದು ನೀವು ಎಂದೋ ಮಾರಿದ ಸಾಮಾನಿನ ಡ್ರೈವರ್. ಸಾಮಾನು ಹೋದರೂ ಡ್ರೈವರ್ ಬಿಡಾರ ಬಿಟ್ಟಿರಲ್ಲ. ಅದರ ಸಾಫ್ಟ್‌ವೇರ್ ತೆಗೆಯಿರಿ. ಇನ್ನೂ ಬಳಸುವ ಸಾಮಾನಾದರೆ ತಯಾರಕರ ಹೊಸ ಡ್ರೈವರ್ ಹುಡುಕಿ. ಸಿಗದಿದ್ದರೆ ಇದನ್ನು ಆಫ್ ಇಟ್ಟು ಮುಂದೆ ಹೋಗಿ. ಇದಕ್ಕೋಸ್ಕರ ದುಡಿಯುವ ಮಷಿನ್ ಬಿಸಾಡಬೇಡಿ.

ನೀಲಿ ಪರದೆ, 48 ಅಂಕಿ

ಮಗಳ ಲ್ಯಾಪ್‌ಟಾಪ್ ಸೋಮವಾರ ಸಂಜೆ ಆನ್ ಆದಾಗ ನೀಲಿ ಪರದೆ ಮೇಲೆ ಬಿಟ್‌ಲಾಕರ್ ರಿಕವರಿ ಕೀ ಕೇಳಿತು. ಮರುದಿನ ಅವಳಿಗೆ ಸೆಮಿನಾರ್. ಅವಳ ಮುಖ ನೋಡಲು ಆಗಲಿಲ್ಲ.

ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದಾಗ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಆನ್ ಆಗುವಾಗ ಅಸಲಿ ವಿಂಡೋಸೇ ಅಂತ ನೋಡುವ ಕಾವಲು) ಅಥವಾ ಟಿಪಿಎಂ (ಬೀಗದ ಕೀಲಿ ಇಡುವ ಚಿಪ್) ಮುಟ್ಟಿದರೆ ಹೀಗಾಗಬಹುದು. ಮಷಿನ್ ಬದಲಾಗಿದೆ, ಕಳ್ಳತನ ಆಗಿರಬಹುದು ಅಂತ ಅದಕ್ಕೆ ಅನುಮಾನ. ನಾವೆಲ್ಲಿ ಬೀಗ ಹಾಕಿದ್ವಿ ಅಂತ ಕೇಳಬೇಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಬಹಳ ಸಲ ಅದು ತಾನೇ ಬಿದ್ದಿರುತ್ತೆ.

ಫಾರ್ಮ್ಯಾಟ್ ಮಾಡಬೇಡಿ. ಮೊದಲು ಬಯಾಸ್‌ಗೆ ಹೋಗಿ ಬದಲಾಯಿಸಿದ್ದನ್ನು ಮೊದಲಿನಂತೆ ಇಡಿ. ನಮ್ಮದು ಅಷ್ಟಕ್ಕೇ ಸರಿಯಾಯಿತು. ಆಗದಿದ್ದರೆ ಫೋನ್‌ನಿಂದ ಅದೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ರಿಕವರಿ ಕೀ ನೋಡಿ. 48 ಅಂಕಿ ಇರುತ್ತೆ. ಹಲವು ಕೀ ಇದ್ದರೆ ಪರದೆ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಹೋಲಿಸಿ ಆರಿಸಿ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೊಸ ಲ್ಯಾಪ್‌ಟಾಪನ್ನು ಅಂಗಡಿಯ ಹುಡುಗನ ಕೈಗೆ ಕೊಟ್ಟು ಎಲ್ಲ ರೆಡಿ ಮಾಡಿಕೊಡಪ್ಪ ಅನ್ನುತ್ತೇವೆ. ಅವನು ಅವಸರಕ್ಕೆ ತನ್ನದೇ ಇಮೇಲ್ ಹಾಕಿರುತ್ತಾನೆ. ಆಗ ಕೀ ಅವನ ಅಕೌಂಟ್‌ನಲ್ಲಿರುತ್ತೆ. ಅವನು ಕೆಲಸ ಬಿಟ್ಟು ಹೈದರಾಬಾದ್‌ಗೆ ಹೋಗುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳಿ.

ಎಲ್ಲ ವೆಬ್‌ಸೈಟೂ ಅಪಾಯ ಅಂದರೆ

ಬ್ಯಾಂಕ್ ತೆರೆದರೂ ಕೆಂಪು ಎಚ್ಚರಿಕೆ, ಸುದ್ದಿ ತೆರೆದರೂ ಕೆಂಪು ಎಚ್ಚರಿಕೆ. ಜನ ಬಿಗಿ ಮಾಡಿದ ಸೆಟ್ಟಿಂಗನ್ನೇ ಬೈಯುತ್ತಾರೆ. ಮೂಲೆಯಲ್ಲಿರುವ ತಾರೀಖು ನೋಡಿ. ಹಳೆ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್. ನಮ್ಮ ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ, ದಿನಾ ಮೇನ್ ಸ್ವಿಚ್ ಬಂದ್ ಮಾಡುವ ನಮ್ಮ ಅಭ್ಯಾಸಕ್ಕೆ, ಪಾಪ ಅದು ಎಷ್ಟು ದಿನ ಬಾಳೀತು! ಸೈಟ್‌ಗಳ ಸರ್ಟಿಫಿಕೇಟ್‌ಗೆ (ಸೈಟ್ ಅಸಲಿ ಅಂತ ತೋರಿಸುವ ಗುರುತಿನ ಪತ್ರ) ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರುತ್ತೆ. ಕಂಪ್ಯೂಟರ್ ಹಳೆ ತಾರೀಖಿನಲ್ಲಿದ್ದರೆ ಅವೆಲ್ಲ ಇನ್ನೂ ಹುಟ್ಟೇ ಇಲ್ಲದಂತೆ ಕಾಣುತ್ತವೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದರೆ ಗಡಿಯಾರ ರಿಪೇರಿ ಅಂಗಡಿಯಲ್ಲೂ ಆ ಸೆಲ್ ಸಿಗುತ್ತೆ. ಆದರೆ ಸೆಲ್ ತೆಗೆದರೆ ಬಯಾಸ್ ಸೆಟ್ಟಿಂಗೂ ಅಳಿಯಬಹುದು. ಬಿಟ್‌ಲಾಕರ್ ಇದ್ದರೆ ಮೇಲೆ ಹೇಳಿದ 48 ಅಂಕಿ ಕೈಯಲ್ಲಿಟ್ಟುಕೊಂಡೇ ಸ್ಕ್ರೂ ಬಿಚ್ಚಿ.

ಸಡಿಲ ಮಾಡಬಾರದ ದೋಷ

ಇಷ್ಟು ಹೊತ್ತು ಹೇಳಿದ್ದೆಲ್ಲ ಕಾವಲುಗಾರ ಮನೆಯವರನ್ನೇ ತಡೆದ ಕಥೆ. ಇದು ಬೇರೆ. ರಿಯಲ್ ಟೈಮ್ ಪ್ರೊಟೆಕ್ಷನ್ ಗುಂಡಿ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಅಲ್ಲಾಡದೆ, ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ಕೈಯಲ್ಲಿದೆ ಅಂತ ಹೇಳುತ್ತೆ. ಮನೆ ಕಂಪ್ಯೂಟರ್‌ಗೆ ಅಡ್ಮಿನಿಸ್ಟ್ರೇಟರ್ ನೀವೇ. ಮತ್ತೆ ಇನ್ಯಾರು?

ಮೊದಲು ಸಾದಾ ಕಾರಣ ನೋಡಿ. ಬೇರೆ ಆ್ಯಂಟಿವೈರಸ್ ಇದೆಯಾ? ಆಫೀಸಿನ ಅಥವಾ ಕಾಲೇಜಿನ ಅಕೌಂಟನ್ನು ಈ ಕಂಪ್ಯೂಟರ್‌ಗೆ ಜೋಡಿಸಿದ್ದೀರಾ? ಎರಡೂ ಇಲ್ಲ ಅಂದರೆ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್‌ನ ತಳದಲ್ಲಿ ಎಕ್ಸ್‌ಕ್ಲೂಷನ್ಸ್ ತೆರೆಯಿರಿ. ಸ್ಕ್ಯಾನ್ ಮಾಡಬೇಡ ಅಂತ ಬಿಟ್ಟ ಜಾಗಗಳ ಪಟ್ಟಿ ಅದು. ನೀವು ಸೇರಿಸದ ಫೋಲ್ಡರ್, ಅಥವಾ ಇಡೀ ಸಿ ಡ್ರೈವ್ ಅಲ್ಲಿ ಕಂಡರೆ ಬೇರೆ ಯಾರದೋ ಕೈ ಆಡಿದೆ. ನಾನು ಕಂಡ ಎರಡು ಮಷಿನ್‌ಗಳಲ್ಲೂ ಬೇರು ಒಂದೇ: ವಿಂಡೋಸ್ ಪುಕ್ಕಟೆ ಮಾಡಿಕೊಡುವ ಆ್ಯಕ್ಟಿವೇಟರ್. ಅದನ್ನು ಹಾಕುವಾಗ ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದೇ ಕೇಳಿರುತ್ತೆ. ನಾವೂ ಮಾಡಿರುತ್ತೇವೆ.

ಇಂಥ ಕಡೆ ಒಂದೊಂದೇ ಸೆಟ್ಟಿಂಗ್ ಸರಿ ಮಾಡುತ್ತ ಕೂರಬೇಡಿ. ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತಗೊಳ್ಳುತ್ತೆ. ಅದನ್ನು ಓಡಿಸಿ. ಫೋಟೋ, ಕಾಗದಪತ್ರ ಮಾತ್ರ ಹೊರಗಿನ ಡಿಸ್ಕ್‌ಗೆ ತೆಗೆದು, ವಿಂಡೋಸ್ ಹೊಸದಾಗಿ ಹಾಕಿಸಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಆ ಮಷಿನ್ ಬಿಟ್ಟು ಬೇರೆ ಕಡೆಯಿಂದ ಬದಲಾಯಿಸಿ. ಹಾಗೇ ವಿಂಡೋಸ್ 10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 14 ಅಕ್ಟೋಬರ್ 2025ಕ್ಕೆ ನಿಂತಿದೆ. ಹೊಸದಾಗಿ ಹಾಕಿಸುವಾಗ ಮಷಿನ್‌ಗೆ ತಾಕತ್ತಿದ್ದರೆ 11ನ್ನೇ ಹಾಕಿಸಿ.

ಅವತ್ತು ಸೋಮವಾರ ಕಾಕಾರ ಪಟ್ಟಿಗಳು ಪ್ರಿಂಟ್ ಆಗಿದ್ದು ಮಧ್ಯಾಹ್ನ ಎರಡಕ್ಕೆ. ಅಷ್ಟರಲ್ಲಿ ಅವರು ನಮ್ಮಲ್ಲೇ ರೊಟ್ಟಿ ಉಂಡು, ಶಹಾಬಾದ್ ಕಲ್ಲಿನ ನೆಲದ ಮೇಲೆ ಟವೆಲ್ ಹಾಸಿ ಒಂದು ನಿದ್ದೆ ತೆಗೆದಿದ್ದರು. ಎದ್ದು ಪಟ್ಟಿ ಎಣಿಸಿ ನೋಡಿ, "ಈಗ ಬಂದ್ ಮಾಡಿದ್ಯಾ ಅದನ್ನ?" ಅಂದರು.

"ಇಲ್ಲ ಕಾಕಾ, ಎಲ್ಲಾ ಚಾಲೂನೇ ಅದ. ನಿಮ್ಮ ಸಾಫ್ಟ್‌ವೇರ್‌ಗೆ ಪಾಸ್ ಕೊಟ್ಟೀನಿ, ಅಷ್ಟೇ."

ಅವರ ಹಳೆ ಕಿರ್ದಿಯ ಕೊನೆ ಹಾಳೆ ಹರಿದು ಕೊಟ್ಟರು. ಅದನ್ನು ಮಾನಿಟರ್ ಹಿಂದಿನ ಗೋಡೆಗೆ ಅಂಟಿಸಿದ್ದೇನೆ. ತಾರೀಖು, ಯಾವ ಗುಂಡಿ, ಮೊದಲು ಹೇಗಿತ್ತು, ಈಗ ಹೇಗಿದೆ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಮುಟ್ಟುವುದಿಲ್ಲ. ಸದ್ಯಕ್ಕೆ ಅದರಲ್ಲಿ ಏಳು ಸಾಲು ಇವೆ. ಏಳನೆಯದು ಮೆಮೊರಿ ಇಂಟೆಗ್ರಿಟಿ, ಆಫ್. ಕಾಕಾರ ತೂಕದ ಚೀಟಿ ಹೊಡೆಯುವ ಹಳೆ ಪ್ರಿಂಟರ್‌ನ ಡ್ರೈವರ್ ಅಡ್ಡ ಬಂದಿದೆ, ಆ ಪ್ರಿಂಟರ್ ಕೆಡುವ ತನಕ ಕಾಯುತ್ತಿದ್ದೇನೆ.